ಗೋಡೆಯಿಂದ ಬಂದ ದನಿ

“ಶೇವಂತಿ, ಮಷೀನು ಯಾಕ ನಿಂತೈತಿ?”

ದನಿ ಗೋಡೆಯ ಮೇಲಿನಿಂದ ಬಂತು. ನೂಲಿನ ಮೂಟೆಗಳ ಪಕ್ಕ ಕೂತು ಕೂಸಿಗೆ ಹಾಲೂಡಿಸುತ್ತಿದ್ದ ಶೇವಂತಿ ಬೆಚ್ಚಿ ತಲೆ ಎತ್ತಿದಳು. ಹೋದ ವಾರ ಮೂಲೆಯಲ್ಲಿ ಕೂರಿಸಿದ್ದ ಬಿಳಿ ಕ್ಯಾಮೆರಾ ಇತ್ತ ತಿರುಗಿತ್ತು. ಸಾವಕಾರ ಶಿದ್ರಾಮಪ್ಪ ಇದ್ದದ್ದು ಜಮಖಂಡಿಯ ತನ್ನ ಬಟ್ಟೆ ಅಂಗಡಿಯಲ್ಲಿ. ಮಾತು ಕೇಳಿಸಿದ್ದು ಬನಹಟ್ಟಿಯ ಈ ನೂಲು ಸುತ್ತುವ ಕೋಣೆಯಲ್ಲಿ. ಕ್ಯಾಮೆರಾ ನೂಲಿನ ಕಾವಲಿಗೆ ಎಂದಷ್ಟೇ ಎಲ್ಲರೂ ತಿಳಿದಿದ್ದರು. ಅದು ಕೇಳಿಸಿಕೊಳ್ಳುತ್ತದೆ, ಮಾತನ್ನೂ ಆಡುತ್ತದೆ ಎಂದು ಯಾರೂ ಹೇಳಿರಲಿಲ್ಲ. ಕೂಲಿಯ ಬಗ್ಗೆ, ಸಾವಕಾರನ ಬಗ್ಗೆ ವಾರವಿಡೀ ಆಡಿದ ಮಾತೆಲ್ಲ ಅಲ್ಲಿದ್ದ ಹೆಂಗಸರಿಗೆ ಒಮ್ಮೆಲೇ ನೆನಪಾಯಿತು.

ಶೇವಂತಿ ಗಡಿಬಿಡಿಯಿಂದ ಸೆರಗೆಳೆದುಕೊಂಡಳು. ಬಾಯಿಂದ ಹಾಲು ತಪ್ಪಿದ ಕೂಸು ಚೀರಿ ಅಳತೊಡಗಿತು. ಹಾಲಿಗೆಂದು ಕೂಸನ್ನು ಮನೆಯಿಂದ ಎತ್ತಿಕೊಂಡು ಬಂದಿದ್ದ ಅತ್ತೆ ಏನೂ ತೋಚದೆ ನಿಂತೇಬಿಟ್ಟಳು.

ಪಕ್ಕದ ಮಷೀನಿನ ಇಂದ್ರವ್ವ ಎದ್ದಳು. ಸ್ಟೂಲು ಎಳೆದು ಹತ್ತಿ, ಕೈಗೆ ಸಿಕ್ಕ ಬಟ್ಟೆಯ ತುಂಡನ್ನು ಕ್ಯಾಮೆರಾದ ಮೇಲೆ ಹೊದಿಸಿದಳು.

“ಸಾವಕಾರ್ರ, ಕೇಳಸ್ತೈತೇನ್ರಿ?”

“ಯಾರದು? ಏನೂ ಕಾಣವಲ್ದಲ್ಲ.”

“ನಾ ಇಂದ್ರವ್ವರಿ. ನಾನ ಅರಿವಿ ಮುಚ್ಚೇನಿ. ಆಕಿ ಕೂಸಿಗೆ ಹಾಲ ಕುಡಸಾಕತ್ತಾಳ. ನಿಮ್ಮ ಬಾಜೂಕ ಅಂಗಡ್ಯಾಗ ಎಷ್ಟ ಮಂದಿ ಕುಂತಾರ್ರಿ?”

ಅಂಗಡಿಯಲ್ಲಿ ಯಾರೋ ನಕ್ಕದ್ದು ಕೇಳಿಸಿತು, ಆಮೇಲೆ ನಿಂತಿತು.

“ನೀ ಕುಡಸವಾ,” ಎಂದು ಇಂದ್ರವ್ವ ತನ್ನ ಮಷೀನಿಗೆ ಮರಳಿದಳು. ಗಂಡ ತೀರಿದ ಮೇಲೆ ಈ ಕೆಲಸವೇ ಅವಳಿಗೆ ಆಧಾರ. ಇರುವ ಕೋಣೆಯೂ ಸಾವಕಾರನದೇ. ಅದನ್ನು ನೆನೆದು ಶೇವಂತಿಗೆ ಮಧ್ಯಾಹ್ನವೆಲ್ಲ ಅವಳ ಮುಖ ನೋಡುವ ಧೈರ್ಯ ಬರಲಿಲ್ಲ.

ಸಂಜೆ ಕೆಲಸ ಬಿಡುವ ಹೊತ್ತಿಗೆ ಶಿದ್ರಾಮಪ್ಪನೇ ಬಂದ. ಬಟ್ಟೆ ಹೊದ್ದ ಕ್ಯಾಮೆರಾ ನೋಡಿದ, ಇಂದ್ರವ್ವನನ್ನು ನೋಡಿದ. ಎಲ್ಲರ ಕೈಗಳೂ ನಿಂತವು. ಅವನು ಸ್ಟೂಲು ಹತ್ತಿ ಕ್ಯಾಮೆರಾದ ವೈರು ಕಿತ್ತ.

“ಇದರಾಗಿಂದು ಕಾಣೋ ಮೊಬೈಲು ಗಿರಾಕಿಗಳ ಮುಂದನ ಇಟ್ಟಿದ್ನಿ, ಖರೆ. ತಪ್ಪಾತು. ನಾಳಿ ಇದನ್ನ ಹೊರಗಿನ ಬಾಗಲಕ ಹಾಕಸ್ತೇನಿ.”

ಇಂದ್ರವ್ವ ಬಾಯಿ ಬಿಟ್ಟ ದಿನ ತಾನೂ ಸುಮ್ಮನಿರಬಾರದು ಎಂದು ಶೇವಂತಿಗೆ ಅನಿಸಿತು. “ಇಷ್ಟು ದಿನದ್ದು ಅದರಾಗ ಉಳದಿರಬೇಕಲ್ರಿ? ನಂದೂ?”

ಅವನು ತಲೆ ತಗ್ಗಿಸಿ ಮೊಬೈಲು ಅವಳ ಕೈಗೇ ಕೊಟ್ಟ. “ನೀನ ಅಳಿಸಿಬಿಡು ತಂಗಿ.”

ಮೇಲಿನಿಂದ ಕಂಡ ತನ್ನ ತಲೆ, ಬಿಚ್ಚಿದ ಸೆರಗು, ಕೂಸಿನ ಅಂಗಾಲು. ಒಂದೊಂದನ್ನೂ ಅಳಿಸಿದಳು. “ಎಲ್ಲಾ ಹೋತೇನ್ರಿ?”

“ಇದರಾಗಿಂದು ಹೋತು. ಆ ಕ್ಯಾಮೆರಾ ಕಂಪನಿಯವರ ಕಡೆ ಏನ ಉಳದೈತೋ, ನನಗೂ ಗೊತ್ತಿಲ್ಲವಾ.”

ಮನೆಗೆ ಹೋಗುವಾಗ ಶೇವಂತಿ ಇಂದ್ರವ್ವನ ಕೈ ಬಿಡಲಿಲ್ಲ. ಬೇಡವೆಂದರೂ ತನ್ನ ಮನೆಯೊಳಗೆ ಕರೆತಂದು ಕೂರಿಸಿ, ಮಲಗಿದ್ದ ಕೂಸನ್ನು ತಂದು ಅವಳ ಮಡಿಲಲ್ಲಿಟ್ಟಳು. ಚಹಾಕ್ಕೆ ಹಾಲಿಟ್ಟು, ಒಲೆಯ ಕಡೆ ಮುಖ ಮಾಡಿಯೇ ಕೇಳಿದಳು:

“ಕೆಲಸ ಹೋಗಿದ್ರ ಹೆಂಗ ಯಕ್ಕಾ? ನನ್ನ ಸಲುವಾಗಿ... ನಿನಗ ಅಂಜಿಕಿ ಬರಲಿಲ್ಲೇನು?”

ಇಂದ್ರವ್ವ ಕೂಸಿನ ನೆತ್ತಿ ಸವರುತ್ತಿದ್ದಳು.

“ಬಂತವಾ. ನನ್ನ ಹೆಸರ ಹೇಳಿದ ಮ್ಯಾಲ ಬಂತು.”