ಬಣ್ಣದಡಿಯ ಕೊಂಬು

ಲಸಿಕೆ ಹಾಕಿಸಿದ ದನಗಳ ಕೊಂಬುಗಳು ನೀಲಿಯಾಗಿರುತ್ತಿದ್ದವು. ಅವಧಿ ಮುಗಿದರೆ ಬೂದಿ ಬಣ್ಣಕ್ಕೆ ತಿರುಗುತ್ತಿದ್ದವು. ಊರಿನವರು ಬೆಳಿಗ್ಗೆ ಎದ್ದು ಮೊದಲು ಕೊಂಬು ನೋಡಿ, ಆಮೇಲೆ ಹಾಲು ಕರೆಯುತ್ತಿದ್ದರು.

ಸಂಕ್ರಾಂತಿಗೆಂದು ಮಾದೇವಿಯ ಗಂಡ ಹೋದ ವಾರವೇ ಹಸುವಿನ ಕೊಂಬಿಗೆ ಕೆಂಪು ಬಣ್ಣ ಬಳಿದಿದ್ದ. ಹಬ್ಬದ ಬೆಳಿಗ್ಗೆ ಮಗಳು ಚಿಕ್ಕತಾಯಿ ನೊರೆಹಾಲಿಗೆ ಲೋಟ ಹಿಡಿದು ನಿಂತಿದ್ದಳು. ಹಸು ಯಾಕೋ ಮೇವು ಮುಟ್ಟಿರಲಿಲ್ಲ. ಮಾದೇವಿಗೆ ಕೆಚ್ಚಲಿಗೆ ಕೈ ಹಾಕಲು ಮನಸ್ಸಾಗಲಿಲ್ಲ.

“ಒಸಿ ತಾಳು ಮಗಾ,” ಎಂದು ತೆಂಗಿನ ನಾರಿಗೆ ಸೀಮೆಎಣ್ಣೆ ಹಾಕಿಕೊಂಡು ಕೊಂಬು ಉಜ್ಜತೊಡಗಿದಳು.

“ಸಂಜೆ ಕಿಚ್ಚು ಹಾಯಿಸೋ ಹಸೀನ ಬೋಳು ಮಾಡ್ತಿದ್ದೀಯಲ್ಲೇ,” ಎಂದು ಅತ್ತೆ ಜಗಲಿಯಿಂದ ಗೊಣಗಿದರು. “ನಿಂಗೆ ಎಲ್ಲದ್ರಾಗೂ ಅನುಮಾನ.”

“ಬೈಯಿರಿ ಅತ್ತೆ, ಪರವಾಗಿಲ್ಲ. ದನದ ಜ್ವರ ಮಗೀಗೆ ಹತ್ತಿದ್ರೆ ಏನ್ ಮಾಡನ?”

ಕೆಂಪು ಕರಗಿದಂತೆ ಕೆಳಗಿನ ಬೂದಿ ಬಣ್ಣ ಕಾಣಿಸಿತು. ಮಾದೇವಿ ಮಗಳ ಕೈಯಿಂದ ಲೋಟ ತೆಗೆದುಕೊಂಡು, ದನದ ಡಾಕ್ಟರಿಗೆ ಫೋನ್ ಮಾಡಿದಳು.

ಅತ್ತೆ ಬೀದಿಯ ಕಡೆ ನೋಡಿದರು. ಮನೆಮನೆಯ ಮುಂದೆಯೂ ಕೆಂಪು, ಹಸಿರು, ಚಿನ್ನದ ಬಣ್ಣದ ಕೊಂಬುಗಳಿದ್ದವು. ಪಕ್ಕದಲ್ಲೇ ಲೋಟ ಹಿಡಿದ ಮಕ್ಕಳಿದ್ದರು. ಅತ್ತೆ ಸೀಮೆಎಣ್ಣೆ ಬಾಟಲಿ ಎತ್ತಿಕೊಂಡು ಮೆಟ್ಟಿಲಿಳಿದರು.

“ನಾರು ತಗಂಡು ಬಾ. ಪಕ್ಕದ ಮನೆಯಿಂದ ಶುರು ಮಾಡನ.”