ಗುಡಿಯ ಕಲ್ಲು ಪಂಪಣ್ಣನನ್ನು ಸುಡಲಿಲ್ಲ

ಚಪ್ಪಲಿ ಬಿಟ್ಟು ಒಂದು ಗಳಿಗೆ ಸಮಾಧಾನವಾಗಿ ಕೂತು ಓದಿ…

ಕೊಪ್ಪಳದ ಕಡೆ ಒಂದು ಊರು. ಅಲ್ಲಿ ಪಂಪಣ್ಣ ಪಾತ್ರೆ ಅಂಗಡಿಯ ಸಾಹುಕಾರ. ಸೋಮವಾರ ಬಂತೆಂದರೆ ಮಧ್ಯಾಹ್ನದ ಮಂಗಳಾರತಿಗೆ ಹೆಂಡತಿ ಶರಣವ್ವನೊಂದಿಗೆ ವೀರಭದ್ರನ ಗುಡಿಯಲ್ಲಿ ಹಾಜರು.

ಬೇಸಿಗೆಯಲ್ಲಿ ಆ ಗುಡಿಯ ಕಲ್ಲಿನ ಅಂಗಳ ಕಾದ ಹಂಚು…

ಪ್ರದಕ್ಷಿಣೆಗೆಂದು ನಾರಿನ ಚಾಪೆ ಹಾಸಿ ನೀರು ಚಿಮುಕಿಸುತ್ತಿದ್ದರು. ಚಾಪೆ ತಪ್ಪಿ ಕಾಲಿಟ್ಟವರು "ಅಯ್ಯಯ್ಯಪ್ಪೋ" ಎಂದು ಕುಣಿಯುತ್ತಾ ಓಡುವವರೇ.

ಆದರೆ ಆ ವರ್ಷ ಪಂಪಣ್ಣನಿಗೆ ಕಲ್ಲು ಸುಡಲೇ ಇಲ್ಲ!

ಬೆಳದಿಂಗಳಲ್ಲಿ ತಿರುಗಾಡುವವನಂತೆ ನಿಧಾನವಾಗಿ ಬರಿಗಲ್ಲಿನ ಮೇಲೆ ಸುತ್ತು ಹಾಕಿದ.

"ಭಕ್ತಿ ಅಂದ್ರ ಪಂಪಣ್ಣಂದು ನೋಡ್ರಪಾ! ನಮಗ ಚಾಪಿ ಮ್ಯಾಲೆ ನಿಂತ್ರೂ ಚುರ್ ಅಂತೈತಿ" ಎಂದರು ಪೂಜಾರಿ ಸಿದ್ಧಯ್ಯನವರು.

ಆ ಮಾತು ಪಂಪಣ್ಣನ ತಲೆಗೆ ಹೋಗಿ ಕೂತಿತು…

ಮುಂದಿನ ವಾರ ಶರಣವ್ವ ಚಾಪೆಯ ಮೇಲೆ ಹೆಜ್ಜೆ ಇಟ್ಟಳು. ಪಂಪಣ್ಣ ಹೆಂಗಸರೆಲ್ಲ ಕೇಳುವಂತೆ ನಕ್ಕ.

"ಏ ಶರಣಿ, ಅಪ್ಪನ ಅಂಗಳ ಸುಡ್ತೈತೇನು ನಿನಗ? ಮನಸು ಮನ್ಯಾಗಿನ ಹಾಲಿನ ಮ್ಯಾಲೆ ಇಟ್ಟು ಬಂದವರಿಗೆ ಕಾಲು ಸುಡ್ತಾವು."

ಹೆಂಗಸರು ಸೆರಗು ಅಡ್ಡ ಹಿಡಿದು ನಕ್ಕರು.

ಶರಣವ್ವ ತಲೆ ತಗ್ಗಿಸಿ ಚಾಪೆಯಿಂದ ಕೆಳಗಿಳಿದಳು. ಅಂದಿನಿಂದ ಗಂಡನ ಹಿಂದೆ, ಬರಿಗಲ್ಲಿನ ಮೇಲೆಯೇ…

ಪಂಪಣ್ಣನಿಗೆ ಸಕ್ಕರೆ ಕಾಯಿಲೆ ಬಂದು ಕೆಲ ವರ್ಷ ಆಗಿತ್ತು. ಮಲಗಿದರೆ ಪಾದದಲ್ಲಿ ಇರುವೆ ಹರಿದಂತೆ ಜುಮುಜುಮು. ಒಮ್ಮೆ ಬಜಾರಿನಲ್ಲಿ ಒಂದು ಚಪ್ಪಲಿ ಕಳಚಿ ಹಿಂದೆಯೇ ಉಳಿದಿತ್ತು, ಅವನಿಗೆ ಗೊತ್ತೇ ಆಗಿರಲಿಲ್ಲ.

"ರೀ, ಒಂದ್ಸಲ ಕಾಲು ತೋರಸ್ಕೊಂಡು ಬರೂಣು."

"ಜೋಮು ಹಿಡದೈತಿ ಬಿಡು. ಇಡೀ ದಿನ ಗಾದಿ ಮ್ಯಾಲೆ ಕುಂತಾವಂಗ ಮತ್ತೇನಾಕ್ಕೈತಿ?"

ವೈಶಾಖದ ಒಂದು ಸೋಮವಾರ. ಪ್ರದಕ್ಷಿಣೆ ಮುಗಿಸಿ ಪಂಪಣ್ಣ ಕಂಬಕ್ಕೆ ಒರಗಿ ಕೂತ. ಒಣಗಿದ ಕಲ್ಲಿನ ಮೇಲೆ ಒಂದೇ ಕಾಲಿನ ಒದ್ದೆ ಗುರುತು ಸಾಲಾಗಿ ಮೂಡಿತ್ತು.

ಶರಣವ್ವ ಬಗ್ಗಿ ಅವನ ಕಾಲೆತ್ತಿ ನೋಡಿ ಚೀರಿದಳು. ಅಂಗಾಲಿನಲ್ಲಿ ದೊಡ್ಡ ಗುಳ್ಳೆ ಎದ್ದು, ಒಡೆದು, ಚರ್ಮ ಜೋತಾಡುತ್ತಿತ್ತು.

ಪಂಪಣ್ಣ ಕೈ ಜೋಡಿಸಿದ. "ನೋಡ್ರಿ ಸ್ವಾಮ್ಯಾರ! ಇಷ್ಟಾದ್ರೂ ನೋವಿಲ್ಲ. ನನ್ನ ನೋವು ವೀರಭದ್ರಪ್ಪ ತಾನ ತಗೊಂಡಾನ!"

ಶರಣವ್ವ ಮೊದಲ ಸಲ ಅವನ ಮಾತು ಕೇಳಲಿಲ್ಲ. ಆಟೋ ಕರೆದು ದವಾಖಾನೆಗೆ ಕರೆದೊಯ್ದಳು.

ಡಾಕ್ಟರಮ್ಮ ಗಾಯಕ್ಕೆ ಪಟ್ಟಿ ಕಟ್ಟಿ, ಒಂದು ತೆಳು ನೈಲಾನ್ ಎಳೆ ತೆಗೆದಳು.

"ಸಾವ್ಕಾರ್ರ, ಕಣ್ಣು ಮುಚ್ರಿ. ಇದು ಪಾದಕ್ಕ ಮುಟ್ಟಿದಾಗ ಹೂಂ ಅನ್ರಿ."

ಪಂಪಣ್ಣ ಕಾದ… ಕಾದ…

"ಶುರು ಮಾಡ್ರಿ ಡಾಕ್ಟ್ರ. ಅಂಗಡಿ ತೆಗಿಬೇಕು."

"ಮುಗೀತ್ರಿ…"

ಪಂಪಣ್ಣ ಕಣ್ಣು ಬಿಟ್ಟ.

"ಸಕ್ಕರಿ ಹೆಚ್ಚಾಗಿ ಕಾಲಿನ ನರ ಕೆಟ್ಟಾವ್ರಿ. ಅದಕ್ಕ ಕಲ್ಲು ಸುಡಲಿಲ್ಲ. ಮುಟ್ಟಿದ್ದು ಹೆಂಗ ತಿಳೀಬೇಕು ನೋಡ್ರಿ… ಅಮ್ಮಾರ, ನೀವು ಕಾಲು ಚಾಚ್ರಿ."

ಶರಣವ್ವ ಸೀರೆಯೊಳಗೆ ಕಾಲು ಎಳೆದುಕೊಂಡಳು. "ನನಗ ಬ್ಯಾಡ್ರಿ…"

"ನೋವಾಗಂಗಿಲ್ಲ, ಚಾಚ್ರಿ."

ಮುಟ್ಟಿದಾಗೆಲ್ಲ ಶರಣವ್ವ "ಹೂಂ" ಎಂದಳು. ಪ್ರತಿ ಸಲವೂ.

ಡಾಕ್ಟರಮ್ಮನ ಕೈ ನಿಂತಿತು. ಆ ಅಂಗಾಲು ತುಂಬಾ ಸುಟ್ಟ ಕಲೆಗಳು. ಹಳೆಯವು, ಹೊಸವು…

"ಇಷ್ಟು ತಿಳೀತೈತಿ ನಿಮಗ. ಮತ್ತ ಇವು ಸುಟ್ಟಾಗ?"

"ತಿಳೀತಿತ್ರಿ" ಎಂದಳು ಮೆಲ್ಲಗೆ.

ಪಂಪಣ್ಣ ಅವಳತ್ತ ತಿರುಗಿದ. "ಯಾಕ ಹೇಳ್ಲಿಲ್ಲ?"

"ಉರಿ ತಾಳಲಾರದ ಹೆಜ್ಜಿ ಹೆಜ್ಜಿಗೂ 'ಅಪ್ಪಾ, ಅಪ್ಪಾ' ಅಂತಿದ್ನೆಲ್ರಿ… ಅದನ್ನ ಕೇಳಿ, 'ಈಗ ನೋಡು, ನಿನಗೂ ಭಕ್ತಿ ಬಂತು' ಅಂದ್ರಿ ನೀವು."

ಪಂಪಣ್ಣ ಮುಖ ಎತ್ತಲಿಲ್ಲ. ತಾನು ಮೆರೆಸಿದ್ದು ಸತ್ತ ನರವನ್ನು… ಹೀಯಾಳಿಸಿದ್ದು ಬದುಕಿದ್ದ ಕಾಲನ್ನು.

ಭೂಮಿ ಬಾಯಿ ಬಿಟ್ಟರೆ ಇಳಿದುಬಿಡುವಷ್ಟು ನಾಚಿಕೆ.

"ಹೋದ ಸ್ಪರ್ಶ ಮರಳಿ ಬರ್ತೈತಿ ಅಂತ ಹೇಳಾಕ ಆಗಂಗಿಲ್ರಿ" ಎಂದಳು ಡಾಕ್ಟರಮ್ಮ. "ಆದ್ರ ಬೆರಳು, ಪಾದ ಉಳಿಸ್ಕೋಬೌದು. ಸಕ್ಕರಿ ಹತೋಟ್ಯಾಗ ಇಡ್ರಿ. ಮನ್ಯಾಗೂ ಬರಿಗಾಲು ಬ್ಯಾಡ. ಚಪ್ಪಲಿ ಮೆಟ್ಟೂ ಮುಂಚೆ ಒಳಗ ಕೈ ಆಡಿಸ್ರಿ. ದಿನಾ ಕಾಲು ತೊಳದು, ಬೆರಳ ಸಂದಿ ಒರಸಿ, ಕನ್ನಡಿ ಹಿಡದು ಅಂಗಾಲು ನೋಡ್ರಿ. ಸಣ್ಣ ಗಾಯ ಕಂಡ್ರೂ ಇಲ್ಲಿಗೆ ಬರ್ರಿ. ಬಿಸಿನೀರಾಗ ಮಾತ್ರ ನಿಮ್ಮ ಕಾಲು ಮೊದಲು ಇಡಬ್ಯಾಡ್ರಿ. ಅಮ್ಮಾರ ಕೈ ಇಟ್ಟು ನೋಡ್ಲಿ."

ಗಾಯ ಮಾಯಲು ಬಹಳ ದಿನ ಹಿಡಿಯಿತು. ಗಾಯ ಪೂರ್ತಿ ಆರಿದ ಮೇಲೆ ಒಂದು ಸೋಮವಾರ, ಬೆಳಗಿನ ತಂಪಿನಲ್ಲಿ, ಪೂಜಾರಿಯ ಅಪ್ಪಣೆ ಪಡೆದು ದಪ್ಪ ಸಾಕ್ಸ್ ಹಾಕಿಕೊಂಡು ಪಂಪಣ್ಣ ಗುಡಿಗೆ ಬಂದ.

"ಏನಪಾ ಪಂಪಣ್ಣ, ಭಕ್ತಿಗೆ ಥಂಡಿ ಹತ್ತೈತೇನು?" ಯಾರೋ ಕಿಚಾಯಿಸಿದರು.

ಎಲ್ಲರೂ ನಕ್ಕರು. ಪಂಪಣ್ಣ ಜೊತೆಗೆ ಬಂದಿದ್ದ ಶರಣವ್ವನನ್ನು ಪಕ್ಕಕ್ಕೆ ಕರೆದು ನಿಲ್ಲಿಸಿಕೊಂಡ.

"ನಂದು ಭಕ್ತಿ ಅಲ್ಲರ‍್ಯೋ… ಸಕ್ಕರಿ ಕಾಯಿಲೆ. ನರ ಸತ್ತಿದ್ದಕ್ಕ ಸುಡಲಿಲ್ಲ. ಭಕ್ತಿ ಇದ್ದದ್ದು ಈಕಿದು. ಸುಡ್ತಿತ್ತು, ಆದ್ರೂ ನಡದ್ಲು. ನಾ ನಡಸಿದೆ… ಎಲ್ಲಾರ ಮುಂದ ನಕ್ಕಿದ್ದೆ, ಎಲ್ಲಾರ ಮುಂದನ ಹೇಳ್ತೀನಿ. ತಪ್ಪಾತು ಶರಣಿ."

ಶರಣವ್ವ ಸೆರಗಿನಿಂದ ಕಣ್ಣೊತ್ತಿಕೊಂಡಳು.

ಆಗ ಗುಂಪಿನ ಹಿಂದಿನಿಂದ ಒಬ್ಬ ಮುದುಕ ಕೋಲೂರುತ್ತಾ ಮುಂದೆ ಬಂದ.

"ಪಂಪಣ್ಣ… ಈ ವರ್ಷ ನನಗೂ ಕಲ್ಲು ಸುಡವಲ್ದೋ… ನಾನೂ ಅಪ್ಪನ ಕೃಪಾ ಅಂದ್ಕೊಂಡಿದ್ದೆ."

ಪಂಪಣ್ಣ ಅವನ ಕೈ ಹಿಡಿದ. "ಬಾ ಕಾಕಾ. ಮುಂಜಾನಿ ಮಂಗಳಾರತಿ ಮುಗಿಯೂದ್ರಾಗ ದವಾಖಾನಿ ತೆಗೀತಾರ."

🙏

ನೋವನ್ನು ತಿಳಿಯುವ ಶಕ್ತಿಯೂ ದೇವರು ಕೊಟ್ಟ ಪ್ರಸಾದವೇ… ಅದು ಕೈತಪ್ಪಿದಾಗ ಹೆಮ್ಮೆ ಪಡಬೇಡಿ, ಎಚ್ಚರಾಗಿ.

ನಿಮ್ಮ ಅಂಗಾಲನ್ನು ನೀವು ಕೊನೆಯ ಸಲ ನೋಡಿದ್ದು ಯಾವಾಗ? ನಿಮ್ಮ ಹಿಂದೆ ಸುಮ್ಮನೆ ನಡೆದು ಬರುವವರ ಅಂಗಾಲನ್ನು…?