ರಿವರ್ಸ್ ಲೈಟು

"ಹಿಂದೆ ಲೈಟ್ ಇಲ್ದೆ ಇನ್ನೊಂದ್ಸಲ ಕಾರು ರಿವರ್ಸ್ ತಗೊಂಡ್ರೆ ನಾ ಸುಮ್ನಿರಲ್ಲ, ಪುಟ್ಟಬಸಪ್ಪನೋರೆ!" ಎಂದಿದ್ದರು ಎದುರುಮನೆ ಮೇಷ್ಟ್ರು. ಆ ಹಳೇ ಕಾರು ಅವರ ಕಾಂಪೌಂಡ್ ಗೋಡೆಯನ್ನು ಆಗಲೇ ಎರಡು ಸಲ ಕೆಡವಿತ್ತು.

ಪುಟ್ಟಬಸಪ್ಪ ಕಾರಿನಡಿ ಮಲಗಿ, ಗೇರ್‌ಬಾಕ್ಸಿಗೆ ಸ್ವಿಚ್ಚು ಕೂರಿಸಿ, ಮೈಯೆಲ್ಲ ಗ್ರೀಸು ಮಾಡಿಕೊಂಡು ಎದ್ದರು. ರಿವರ್ಸ್ ಗೇರ್ ಹಾಕಿದರೆ ಹಿಂದಿನ ದೀಪ ತಾನಾಗಿ ಹತ್ತಬೇಕು. ನೋಡಲು ಬೀದಿಯೇ ನೆರೆಯಿತು. ಎಂಜಿನ್ ಗುಡುಗಿತು, ಗೇರ್ ಬಿತ್ತು.

"ಬಂತೂ ರೀ, ಲೈಟ್ ಬಂತು!" ಹೆಂಡತಿ ಕುಣಿದಾಡಿದರು.

"ಆಹಾ, ಹುಣ್ಣಿಮೆ ಚಂದ್ರ ಕಣ್ರೀ!" ಮೇಷ್ಟ್ರು ಚಪ್ಪಾಳೆ ತಟ್ಟಿದರು. ಎಲ್ಲರ ಕಣ್ಣೂ ದೀಪದ ಮೇಲೆಯೇ. "ಬರ್ಲಿ, ಬರ್ಲಿ... ಇನ್ನೂ ಬರ್ಲಿ!"

ಧಡಾರ್!

ಬಿದ್ದ ಗೋಡೆಯ ಇಟ್ಟಿಗೆಗಳ ಮೇಲೆ ಮೇಷ್ಟ್ರು ತಲೆ ಮೇಲೆ ಕೈ ಹೊತ್ತು ಕುಳಿತರು: "ಅಯ್ಯೋ ಪುಟ್ಟಬಸಪ್ಪನೋರೆ, ಲೈಟ್ ಒಡೆದ್ಹೋಯ್ತಲ್ರೀ!"